ಬಫರ್ ಇದ್ದರೂ ಪಿಎಚ್ ಏರಿತು: ಯೂರಿಯೇಸ್ ಪ್ರಯೋಗದ ಬಗ್ಗೆ ಎರಡು ಪ್ರಶ್ನೆ

ಜಯನಗರದ ಉಪನ್ಯಾಸಕಿ
ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ತರಗತಿಗಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕಿಣ್ವಗಳ ಪಾಠವನ್ನು ಬರೀ ಕಪ್ಪುಹಲಗೆಯ ಮೇಲೆ ಮುಗಿಸಲು ಮನಸ್ಸಾಗದೆ ಯೂರಿಯಾ ಒಡೆಯುವ ಕಿಣ್ವವಾದ ಯೂರಿಯೇಸ್‌ನ ಪ್ರಯೋಗ ಇಟ್ಟುಕೊಂಡೆವು. ಹಸಿ ಹುರುಳಿಯನ್ನು ಹಿಟ್ಟು ಮಾಡಿ, ನೀರಿನಲ್ಲಿ ಕಲಸಿ, ಸೋಸಿ ತೆಗೆದ ತಿಳಿಯೇ ನಮ್ಮ ಕಿಣ್ವ. ಫಾಸ್ಫೇಟ್ ಬಫರ್ 10 ಮಿಲಿಮೋಲಾರ್, ಪಿಎಚ್ 7.0. ಯೂರಿಯಾ 20 ಮಿಲಿಮೋಲಾರ್. ಬಣ್ಣ ಕಾಣಲೆಂದು ಎರಡು ಹನಿ ಫೀನಾಲ್ ರೆಡ್.

ನೋಡನೋಡುತ್ತಿದ್ದಂತೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿತು. ಮೀಟರ್ 7.4 ತೋರಿಸಿತು, ಆಮೇಲೆ 8 ದಾಟಿತು, ಕೊನೆಗೆ 8.9ರ ಹತ್ತಿರ ಬಂದು ನಿಂತುಬಿಟ್ಟಿತು. ಬಫರ್ ಎಂದರೆ ಪಿಎಚ್ ಅನ್ನು ಸ್ಥಿರವಾಗಿ ಇಡುವ ದ್ರಾವಣ ಎಂದು ಪುಸ್ತಕದಲ್ಲಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಹಾಗಾದರೆ ಬಫರ್ ಏನು ಕೆಲಸ ಮಾಡಿತು?" ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು.

ಸೂತ್ರ ನನಗೆ ಗೊತ್ತು. ಹದಿನೇಳರ ಮಕ್ಕಳಿಗೆ ಮನದಟ್ಟಾಗುವ ವಿವರಣೆ ಬೇಕು. ಇನ್ನೊಂದು ಪ್ರಶ್ನೆ ನನ್ನದೇ: ಏರುತ್ತಿದ್ದ ಪಿಎಚ್ 8.9ಕ್ಕೆ ಏಕೆ ನಿಂತಿತು? ಯೂರಿಯಾ ಮುಗಿದದ್ದು ಮಾತ್ರ ಕಾರಣವೇ?

ಮೀಟರ್ ರಿಪೇರಿ, ಎಸ್‌.ಪಿ. ರಸ್ತೆ
ಮೊದಲು ಎಲೆಕ್ಟ್ರೋಡ್ ನೋಡಿ ಮೇಡಂ. ಕಾಲೇಜುಗಳಿಂದ ನನ್ನ ಬಳಿ ಬರುವ ಮೀಟರ್‌ಗಳಲ್ಲಿ ಮುಕ್ಕಾಲು ಪಾಲು ಒಣಗಿಹೋದ ಎಲೆಕ್ಟ್ರೋಡ್‌ಗಳೇ. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿಡುತ್ತಾರೆ, ಅದೂ ತಪ್ಪು. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ಇಡಬೇಕು.

ಜಯನಗರದ ಉಪನ್ಯಾಸಕಿ
ಎಲೆಕ್ಟ್ರೋಡ್ ಚೆನ್ನಾಗಿದೆ. 4, 7 ಮತ್ತು 9.2ರ ಬಫರ್ ಕ್ಯಾಪ್ಸೂಲ್‌ಗಳನ್ನು ಕರಗಿಸಿ ಅದೇ ದಿನ ಸರಿಹೊಂದಿಸಿದ್ದೇವೆ. ಫೀನಾಲ್ ರೆಡ್ ಕೂಡ ಅದನ್ನೇ ಹೇಳುತ್ತಿದೆಯಲ್ಲ. 6.8ರ ಕೆಳಗೆ ಹಳದಿ, 8.2ರ ಮೇಲೆ ಗುಲಾಬಿ.

ಯಲಹಂಕದ ಸಂಶೋಧಕಿ
ಮೀಟರ್ ಸರಿಯಾಗಿದೆ, ಬಫರ್ ಕೂಡ ತನ್ನ ಕೆಲಸ ಮಾಡಿದೆ. ಅದರ ಬಂಡವಾಳ ಸಾಲಲಿಲ್ಲ, ಅಷ್ಟೇ. ಲೆಕ್ಕ ಹಾಕೋಣ.

ಫಾಸ್ಫೇಟ್‌ನ ಪಿಕೆಎ, ಎಂದರೆ ಅದರ ಆಮ್ಲ ರೂಪ ಮತ್ತು ಪ್ರತ್ಯಾಮ್ಲ ರೂಪ ಅರ್ಧರ್ಧ ಇರುವ ಪಿಎಚ್, ಸುಮಾರು 7.2. ಪಿಎಚ್ 7.0ರಲ್ಲಿ ನಿಮ್ಮ 10 ಮಿಲಿಮೋಲಾರ್‌ನಲ್ಲಿ 6.1ರಷ್ಟು ಡೈಹೈಡ್ರೋಜನ್ ಫಾಸ್ಫೇಟ್ ರೂಪದಲ್ಲಿದೆ, ಅದು ಆಮ್ಲ. ಉಳಿದ 3.9 ಹೈಡ್ರೋಜನ್ ಫಾಸ್ಫೇಟ್ ರೂಪದಲ್ಲಿದೆ, ಅದು ಪ್ರತ್ಯಾಮ್ಲ. ಯೂರಿಯೇಸ್ ಒಂದು ಯೂರಿಯಾ ಅಣುವನ್ನು ಒಡೆದಾಗ ಎರಡು ಅಮೋನಿಯಾ ಹುಟ್ಟುತ್ತವೆ. ಅವೆರಡೂ ಪ್ರೋಟಾನ್ ಹಿಡಿದುಕೊಂಡು ಅಮೋನಿಯಂ ಆಗುತ್ತವೆ. ಜೊತೆಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್‌ನ ಬಹುಪಾಲು ಬೈಕಾರ್ಬನೇಟ್ ಆಗಿ ಒಂದು ಪ್ರೋಟಾನ್ ಹಿಂದಿರುಗಿಸುತ್ತದೆ. ಕೂಡಿ ಕಳೆದರೆ ಏಳರ ಆಸುಪಾಸಿನಲ್ಲಿ ಪ್ರತಿ ಯೂರಿಯಾಕ್ಕೆ ಸುಮಾರು 1.1 ಪ್ರೋಟಾನ್ ಖರ್ಚು.

ಎಂದರೆ 20 ಮಿಲಿಮೋಲಾರ್ ಯೂರಿಯಾ ಪೂರ್ತಿ ಒಡೆಯಲು ಸುಮಾರು 22 ಮಿಲಿಮೋಲಾರ್ ಪ್ರೋಟಾನ್ ಬೇಕು. ಕೊಡಬಲ್ಲ ಆಮ್ಲ ಇರುವುದು 6.1. ಕಾಲು ಭಾಗ ಯೂರಿಯಾ ಒಡೆಯುವ ಹೊತ್ತಿಗೆ ಬಫರ್ ಬರಿದಾಗಿದೆ.

ಇದೇ ಪ್ರಯೋಗವನ್ನು 100 ಮಿಲಿಮೋಲಾರ್‌ನಲ್ಲಿ ಮಾಡಿ. 61 ಆಮ್ಲ, 39 ಪ್ರತ್ಯಾಮ್ಲ. 22 ಕಳೆದರೆ 39 ಆಮ್ಲ, 61 ಪ್ರತ್ಯಾಮ್ಲ. ಆಗ ಪಿಎಚ್ 7.4ರ ಹತ್ತಿರ ನಿಲ್ಲುತ್ತದೆ. ಆಗಲೂ 0.4 ಏರಿಕೆ ಇದೆ ಎಂಬುದನ್ನು ಮಕ್ಕಳು ಗಮನಿಸಲಿ. ಯಾವ ಬಫರೂ ಪಿಎಚ್ ಅನ್ನು ಪೂರ್ತಿ ನಿಲ್ಲಿಸುವುದಿಲ್ಲ, ಏರಿಳಿತವನ್ನು ಚಿಕ್ಕದು ಮಾಡುತ್ತದೆ.

ವಿಜಯನಗರದ ಹುಡುಗ
ಬಿಎಸ್‌ಸಿ ಎರಡನೆಯ ವರ್ಷ. ನನಗೆ ಇದು ಹೊಳೆದದ್ದು ಮನೆಯ ಸಂಪ್ ನೋಡಿದಾಗ. ಕಾವೇರಿ ನೀರು ದಿನ ಬಿಟ್ಟು ದಿನ ಬಂದರೂ ನಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ, ಸಂಪ್ ತುಂಬಿಸಿಕೊಡುತ್ತದೆ. ಸಂಪ್ ಖಾಲಿಯಾದ ದಿನ ನಲ್ಲಿ ಒಮ್ಮೆಲೇ ಒಣಗುತ್ತದೆ. ಮಕ್ಕಳಿಗೆ ಹೀಗೆ ಹೇಳಬಹುದಲ್ಲವೇ?

ಮಲ್ಲೇಶ್ವರದ ನಿವೃತ್ತ ಅಧ್ಯಾಪಕ
ಅರ್ಧ ಮಾತ್ರ ಹೇಳಬಹುದು. ಸಂಪ್ ಕೊಡುವುದನ್ನಷ್ಟೇ ಮಾಡುತ್ತದೆ. ಬಫರ್ ಎರಡೂ ಕಡೆ ದುಡಿಯುತ್ತದೆ: ಆಮ್ಲ ಬಿದ್ದರೆ ಅದರ ಪ್ರತ್ಯಾಮ್ಲ ಪ್ರೋಟಾನ್ ಹಿಡಿಯುತ್ತದೆ, ಕ್ಷಾರ ಬಿದ್ದರೆ ಅದರ ಆಮ್ಲ ಪ್ರೋಟಾನ್ ಬಿಡುತ್ತದೆ. ದುರ್ಬಲ ಆಮ್ಲವೂ ಅದರ ಸಂಯುಗ್ಮ ಪ್ರತ್ಯಾಮ್ಲವೂ ಒಟ್ಟಿಗೆ, ಎರಡೂ ಸಾಕಷ್ಟು ಪ್ರಮಾಣದಲ್ಲಿ ಇರಬೇಕಾದದ್ದು ಅದಕ್ಕೇ. ಈ ಅರ್ಧವನ್ನು ಬಿಟ್ಟರೆ ಮಗು ಪರೀಕ್ಷೆಯಲ್ಲಿ ಬರೀ ಸೋಡಿಯಂ ಅಸಿಟೇಟ್ ಹಾಕಿ ಬಫರ್ ಎಂದು ಬರೆಯುತ್ತದೆ. ಅಂತಹ ಉತ್ತರ ಪತ್ರಿಕೆಗಳನ್ನು ಬಹಳ ತಿದ್ದಿದ್ದೇನೆ.

ವಿಜಯನಗರದ ಹುಡುಗ
ಸರ್, ಸಂಪ್‌ಗೆ ಮೇಲೆ ತುಂಬಿ ಹರಿಯದಂತೆ ಜಾಗವೂ ಇರುತ್ತದಲ್ಲ. ಹೆಚ್ಚು ಬಂದದ್ದನ್ನು ಅದು ಹಿಡಿದಿಡುತ್ತದೆ. ಅರ್ಧ ತುಂಬಿದ ಸಂಪ್ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಪಿಎಚ್ ಪಿಕೆಎಗೆ ಸಮ ಇದ್ದಾಗ ಬಫರ್ ಅತ್ಯಂತ ಗಟ್ಟಿ ಎನ್ನುವುದೂ ಅದೇ, ಅರ್ಧ ಅರ್ಧ.

ಮಲ್ಲೇಶ್ವರದ ನಿವೃತ್ತ ಅಧ್ಯಾಪಕ
ಅರ್ಧ ತುಂಬಿದ ಸಂಪ್ ಎಂದು ಹೇಳುವುದಾದರೆ ಒಪ್ಪುತ್ತೇನೆ. ಚೆನ್ನಾಗಿ ಯೋಚಿಸಿದ್ದೀಯಪ್ಪ.

ಉಪನ್ಯಾಸಕಿಯವರಿಗೆ ಇನ್ನೊಂದು ಮಾತು. ಬಫರ್ ಏನು ಮಾಡಿತು ಎಂದು ಕೇಳಿದ ಆ ಹುಡುಗಿಗೆ ಬಫರ್ ಇಲ್ಲದ ಲೋಟವನ್ನೂ ಪಕ್ಕದಲ್ಲಿಟ್ಟು ತೋರಿಸಿ. ಒಂದು ಲೀಟರ್ ಶುದ್ಧ ನೀರಿಗೆ ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಒಂದೇ ಒಂದು ಮಿಲಿಲೀಟರ್ ಹಾಕಿದರೆ ಪಿಎಚ್ 7ರಿಂದ 3ಕ್ಕೆ ಬೀಳುತ್ತದೆ. ಹೈಡ್ರೋಜನ್ ಅಯಾನು ಹತ್ತು ಸಾವಿರ ಪಟ್ಟು ಹೆಚ್ಚಿತು. ಅದೇ ಒಂದು ಮಿಲಿಲೀಟರನ್ನು ಪಿಎಚ್ 7.2ರ 100 ಮಿಲಿಮೋಲಾರ್ ಫಾಸ್ಫೇಟ್‌ಗೆ ಹಾಕಿದರೆ 50-50 ಇದ್ದದ್ದು 49-51 ಆಗುತ್ತದೆ. ಪಿಎಚ್ 7.18. ಮೀಟರಿನ ಕೊನೆಯ ಅಂಕಿ ಮಾತ್ರ ಅಲುಗುತ್ತದೆ. ಎರಡು ಲೋಟ, ಒಂದೇ ಪಿಪೆಟ್. ತರಗತಿಯಲ್ಲಿ ಇದಕ್ಕಿಂತ ದೊಡ್ಡ ವಿವರಣೆ ಬೇಕಿಲ್ಲ.

ಜಯನಗರದ ಉಪನ್ಯಾಸಕಿ
ಎರಡು ಲೋಟದ ಪ್ರಯೋಗ ನಾಳೆಯೇ ಮಾಡುತ್ತೇನೆ ಸರ್. 8.9ರ ಪ್ರಶ್ನೆ ಇನ್ನೂ ಉಳಿದಿದೆ.

ಯಲಹಂಕದ ಸಂಶೋಧಕಿ
ನನಗೆ ಬಹಳ ಇಷ್ಟವಾದ ಭಾಗ ಅದು! ಯೂರಿಯಾ ಮುಗಿದದ್ದು ಒಂದು ಕಾರಣ. ಆದರೆ ಯೂರಿಯಾವನ್ನು ಎರಡರಷ್ಟು ಹಾಕಿದ್ದರೂ ಪಿಎಚ್ 10 ಅಥವಾ 11ಕ್ಕೆ ಹೋಗುತ್ತಿರಲಿಲ್ಲ. ಅಮೋನಿಯಂನ ಪಿಕೆಎ 9.25. ಕ್ರಿಯೆ ನಡೆದಂತೆ ದ್ರಾವಣದಲ್ಲಿ ಅಮೋನಿಯಂ ಮತ್ತು ಅಮೋನಿಯಾ ಎರಡೂ ತುಂಬಿಕೊಳ್ಳುತ್ತವೆ. ಅವೇ ಒಂದು ಹೊಸ ಬಫರ್. ನೀವು ಹಾಕಿದ 10 ಮಿಲಿಮೋಲಾರ್ ಫಾಸ್ಫೇಟ್ ಸೋತ ಜಾಗದಲ್ಲಿ ಕಿಣ್ವವೇ ತಯಾರಿಸಿದ 40 ಮಿಲಿಮೋಲಾರ್ ಅಮೋನಿಯಾ ಬಫರ್ ಬಂದು ಕುಳಿತಿದೆ. ಬೈಕಾರ್ಬನೇಟ್ ಲೆಕ್ಕವನ್ನೂ ಸೇರಿಸಿ ಧನ ಋಣ ಆವೇಶಗಳನ್ನು ಸಮ ಮಾಡಿದರೆ ಉತ್ತರ 8.9ಕ್ಕೇ ಬರುತ್ತದೆ. ಮಾಡಿ ನೋಡಿದೆ. ನಿಮ್ಮ ಮಕ್ಕಳು ಬಹಳ ಒಳ್ಳೆಯ ಅಳತೆ ಮಾಡಿದ್ದಾರೆ.

ಕೋರಮಂಗಲದ ಓದುಗ
ಹೊಟ್ಟೆಯಲ್ಲಿರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಬದುಕುವುದೂ ಇದೇ ಯೂರಿಯೇಸ್‌ನಿಂದ ಅಲ್ಲವೇ?

ಬಸವನಗುಡಿ ವೈದ್ಯ
ಹೌದು. ಜಠರದ ಆಮ್ಲದ ನಡುವೆ ತನ್ನ ಸುತ್ತ ಅಮೋನಿಯಾ ಹರಡಿ ತಾನು ಉಳಿದುಕೊಳ್ಳುತ್ತದೆ. ಎಂಡೋಸ್ಕೋಪಿ ಮಾಡುವಾಗ ತೆಗೆದ ಚೂರನ್ನು ಯೂರಿಯಾ ಮತ್ತು ಫೀನಾಲ್ ರೆಡ್ ಇರುವ ಜೆಲ್‌ನಲ್ಲಿ ಇಟ್ಟು ನೋಡುತ್ತೇವೆ. ಹಳದಿ ಗುಲಾಬಿಯಾದರೆ ಸೋಂಕು ಇದೆ ಎಂದರ್ಥ. ಮೇಡಂ ಅವರ ತರಗತಿಯ ಪ್ರಯೋಗವೇ ಅದು. ಅಂತಹ ಪರೀಕ್ಷೆಯಲ್ಲಿ ಬಫರ್ ಗಟ್ಟಿಯಾಗಿದ್ದರೆ ಬಣ್ಣವೇ ತಿರುಗುವುದಿಲ್ಲ, ಆದ್ದರಿಂದ ಬಫರ್ ಕಡಿಮೆ ಇರಲೇಬೇಕು.

ವಿಜಯನಗರದ ಹುಡುಗ
ಒಂದು ಸಂದೇಹ. ಪಿಎಚ್ ಸ್ವಲ್ಪ ಬದಲಾದರೂ ಕಿಣ್ವ ಕೆಟ್ಟುಹೋಗುತ್ತದೆ, ಅದರ ಆಕಾರ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಬಫರ್ ಬೇಕು ಎಂದು ನಮ್ಮ ನೋಟ್ಸ್‌ನಲ್ಲಿದೆ.

ಯಲಹಂಕದ ಸಂಶೋಧಕಿ
ಇದನ್ನು ನಾನು ಒಪ್ಪುವುದಿಲ್ಲ. ಒಂದು ಪಿಎಚ್ ಆಚೀಚೆಯಾದರೆ ಹೆಚ್ಚಿನ ಕಿಣ್ವಗಳ ಆಕಾರಕ್ಕೆ ಏನೂ ಆಗುವುದಿಲ್ಲ. ಆಗುವುದು ಬೇರೆ. ಕಿಣ್ವದ ಸಕ್ರಿಯ ತಾಣದಲ್ಲಿ ಕೆಲಸ ಮಾಡುವ ಅಮೈನೋ ಆಮ್ಲಗಳಿಗೆ ತಮ್ಮದೇ ಪಿಕೆಎ ಇದೆ. ಹಿಸ್ಟಿಡಿನ್ ತೆಗೆದುಕೊಳ್ಳಿ, ಅದರ ಪಕ್ಕಸರಪಳಿಯ ಪಿಕೆಎ ಆರರ ಹತ್ತಿರ. ಕೈಮೋಟ್ರಿಪ್ಸಿನ್‌ನಲ್ಲಿ 57ನೆಯ ಸ್ಥಾನದ ಹಿಸ್ಟಿಡಿನ್, 195ನೆಯ ಸೆರಿನ್‌ನಿಂದ ಪ್ರೋಟಾನ್ ಎಳೆದುಕೊಂಡರೆ ಮಾತ್ರ ಪೆಪ್ಟೈಡ್ ಬಂಧ ತುಂಡಾಗುತ್ತದೆ. ಪಿಎಚ್ ಐದಕ್ಕೆ ಇಳಿದರೆ ಆ ಹಿಸ್ಟಿಡಿನ್ ಮೊದಲೇ ಒಂದು ಪ್ರೋಟಾನ್ ಹೊತ್ತು ನಿಂತಿರುತ್ತದೆ. ಇನ್ನೊಂದನ್ನು ಹಿಡಿಯಲಾರದು. ಕಿಣ್ವ ಚೆನ್ನಾಗಿಯೇ ಇದೆ, ಆದರೆ ಕೆಲಸಕ್ಕೆ ಒದಗುವುದಿಲ್ಲ. ಪಿಎಚ್ ಅನ್ನು ಎಂಟಕ್ಕೆ ತನ್ನಿ, ಮತ್ತೆ ದುಡಿಯುತ್ತದೆ. ಆಕಾರವೇ ಬಿಚ್ಚಿದ್ದರೆ ಹೀಗೆ ಹಿಂದಿರುಗುವುದು ಕಷ್ಟ.

ಪೆಪ್ಸಿನ್‌ಗೆ ಪಿಎಚ್ ಎರಡು ಹಿತ, ಟ್ರಿಪ್ಸಿನ್‌ಗೆ ಎಂಟು. ಎರಡೂ ಪ್ರೋಟೀನ್ ಒಡೆಯುವ ಕಿಣ್ವಗಳೇ. ಅವುಗಳ ಸಕ್ರಿಯ ತಾಣದಲ್ಲಿ ಕುಳಿತಿರುವ ಗುಂಪುಗಳು ಬೇರೆ.

ಮಲ್ಲೇಶ್ವರದ ನಿವೃತ್ತ ಅಧ್ಯಾಪಕ
ಆದರೂ ಕೈಮೋಟ್ರಿಪ್ಸಿನ್ ಉದಾಹರಣೆ ಎಲ್ಲಕ್ಕೂ ಹೊಂದುವುದಿಲ್ಲ. ಪೆಪ್ಸಿನ್ ಅನ್ನು ಎಂಟರಲ್ಲಿ ಇಟ್ಟರೆ ಅದು ನಿಜವಾಗಿಯೂ ಕೆಡುತ್ತದೆ, ಮತ್ತೆ ಎರಡಕ್ಕೆ ತಂದರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಹುಡುಗನ ನೋಟ್ಸ್‌ನಲ್ಲಿ ಪೂರ್ತಿ ಸುಳ್ಳಿಲ್ಲ.

ಯಲಹಂಕದ ಸಂಶೋಧಕಿ
ಆರು ಘಟಕಗಳ ಅಂತರಕ್ಕೆ ಅದು ನಿಜ ಸರ್. ನನ್ನ ತಕರಾರು "ಸ್ವಲ್ಪ ಬದಲಾದರೂ" ಎನ್ನುವುದರ ಮೇಲೆ. ಪ್ರಯೋಗಾಲಯದಲ್ಲಿ ನಾವು ಹೋರಾಡುವುದು 0.2, 0.3ರ ಜೊತೆಗೆ.

ಇನ್ನೂ ಒಂದು ಅಪಾಯವನ್ನು ಯಾರೂ ಹೇಳುವುದಿಲ್ಲ. ಕಿಣ್ವಕ್ಕೆ ಏನೂ ಆಗದಿದ್ದರೂ ಪಿಎಚ್ ಬದಲಾದರೆ ಅಳತೆಯೇ ತಪ್ಪಬಹುದು. ಫಾಸ್ಫೇಟ್ ಬಿಡಿಸುವ ಕಿಣ್ವ ಫಾಸ್ಫಟೇಸ್ ಅಳೆಯಲು ಪಾರಾ ನೈಟ್ರೋಫೀನೈಲ್ ಫಾಸ್ಫೇಟ್ ಬಳಸುತ್ತೇವೆ. ಬಿಡುಗಡೆಯಾಗುವ ನೈಟ್ರೋಫೀನಾಲ್‌ನ ಹಳದಿಯನ್ನು 405 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಆದರೆ ಅದರ ಪಿಕೆಎ 7.15ರ ಸುಮಾರಿಗೆ ಇದೆ. ಪಿಎಚ್ ಏಳರ ಹತ್ತಿರ ಅದರಲ್ಲಿ ಅರ್ಧದಷ್ಟು ಅಣುಗಳಿಗೆ ಬಣ್ಣವೇ ಇಲ್ಲ. ಪಿಎಚ್ ಚೂರು ಇಳಿದರೆ ಹಳದಿ ಕುಂದುತ್ತದೆ, ಕಿಣ್ವ ನಿಧಾನವಾಯಿತು ಎಂದು ನಾವು ಬರೆದುಕೊಳ್ಳುತ್ತೇವೆ. ಕೊನೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಸುರಿದು ಕ್ರಿಯೆ ನಿಲ್ಲಿಸುವುದು ಇದಕ್ಕೂ ಪರಿಹಾರ, ಎಲ್ಲಾ ನೈಟ್ರೋಫೀನಾಲ್ ಹಳದಿಯಾಗುತ್ತದೆ.

ಹೆಬ್ಬಾಳದ ಪಿಎಚ್‌ಡಿ ವಿದ್ಯಾರ್ಥಿ
ಫಾಸ್ಫಟೇಸ್‌ಗೆ ಫಾಸ್ಫೇಟ್ ಬಫರ್ ಹಾಕಬೇಡಿ ಎಂದೂ ಸೇರಿಸಿ ಅಕ್ಕ. ಫಾಸ್ಫೇಟ್ ಆ ಕ್ರಿಯೆಯ ಉತ್ಪನ್ನ, ಕಿಣ್ವದ ಬಾಯಿಯಲ್ಲೇ ಕುಳಿತು ಅಡ್ಡಿ ಮಾಡುತ್ತದೆ. ಕ್ಯಾಲ್ಸಿಯಂ ಬೇಕಾದ ಕಿಣ್ವಕ್ಕೂ ಬೇಡ, ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳಕ್ಕೆ ಇಳಿಯುತ್ತದೆ. ಸಿಟ್ರೇಟ್ ಕೂಡ ಕ್ಯಾಲ್ಸಿಯಂ ಕಸಿಯುತ್ತದೆ.

ಉಪನ್ಯಾಸಕಿಯವರು ಹೆಪೆಸ್ ಎಂಬ ಬಫರ್ ಬಳಸಬಹುದು. ಪಿಕೆಎ 7.5. ಯೂರಿಯೇಸ್ ಕ್ರಿಯೆಯಲ್ಲಿ ಪಿಎಚ್ ಏರುತ್ತಲೇ ಹೋಗುವುದರಿಂದ, ಪಿಕೆಎ ಮೇಲಿರುವ ಬಫರ್ ಹಾಕಿದರೆ ಏರಿದಂತೆಲ್ಲ ಅದು ಗಟ್ಟಿಯಾಗುತ್ತದೆ. ಫಾಸ್ಫೇಟ್ ಯೂರಿಯೇಸ್‌ಗೂ ಅಲ್ಪಸ್ವಲ್ಪ ಅಡ್ಡಿ ಮಾಡುತ್ತದೆ.

ಯಲಹಂಕದ ಸಂಶೋಧಕಿ
ಸಿದ್ಧಾಂತ ಸರಿ, ಆದರೆ ಈ ಪ್ರಯೋಗಕ್ಕೆ ಲೆಕ್ಕ ಹಾಕಿದ್ದೀಯಾ? 7.0ರಿಂದ ಶುರು ಮಾಡಿದರೆ 100 ಮಿಲಿಮೋಲಾರ್ ಹೆಪೆಸ್‌ನಲ್ಲಿ 76 ಆಮ್ಲ, 24 ಪ್ರತ್ಯಾಮ್ಲ. 22 ಖರ್ಚಾದ ಮೇಲೆ 54, 46. ಪಿಎಚ್ 7.43. ಫಾಸ್ಫೇಟ್ ಕೊಡುವುದು 7.39. ಇಪ್ಪತ್ತು ಮಿಲಿಮೋಲಾರ್ ಯೂರಿಯಾಕ್ಕೆ ಹೆಪೆಸ್‌ನಿಂದ ಲಾಭವಿಲ್ಲ. ಯೂರಿಯಾ ಇನ್ನೂ ಹೆಚ್ಚಿದ್ದರೆ ನಿನ್ನ ಮಾತು ನಡೆಯುತ್ತದೆ. ಕಾಲೇಜಿನ ಖರ್ಚಿನಲ್ಲಿ ಫಾಸ್ಫೇಟ್ ಸಾಕು.

ಹೆಬ್ಬಾಳದ ಪಿಎಚ್‌ಡಿ ವಿದ್ಯಾರ್ಥಿ
ವೇಗ ಅಳೆಯುವುದಾದರೆ ಬಫರ್ ಬದಲಿಸುವುದಕ್ಕಿಂತ ಮೊದಲ ನಿಮಿಷ ಎರಡು ನಿಮಿಷವನ್ನಷ್ಟೇ ಓದುವುದು ಮೇಲು. ಸಬ್‌ಸ್ಟ್ರೇಟ್‌ನ (ಕಿಣ್ವ ಒಡೆಯುವ ವಸ್ತು, ಇಲ್ಲಿ ಯೂರಿಯಾ) ನೂರರಲ್ಲಿ ಐದು ಭಾಗ ಮುಗಿಯುವುದರೊಳಗೆ ಅಳತೆ ಮುಗಿಸಿದರೆ ಪಿಎಚ್ ಹೆಚ್ಚು ಸರಿಯುವುದಕ್ಕೆ ಅವಕಾಶ ಇರುವುದಿಲ್ಲ.

ರಾಜಾಜಿನಗರದ ತಾಯಿ
ಇದನ್ನು ಓದುತ್ತಾ ಒಂದು ಕೇಳಬೇಕೆನಿಸಿತು. ನಮ್ಮ ಮನೆಗೆ ಒಬ್ಬರು ಬಂದು ಕ್ಷಾರೀಯ ನೀರಿನ ಯಂತ್ರ ತೋರಿಸಿದರು. ಪಿಎಚ್ 9ರ ನೀರು ಕುಡಿದರೆ ರಕ್ತದ ಆಮ್ಲೀಯತೆ ಕಡಿಮೆಯಾಗುತ್ತದೆ, ಕಿಣ್ವಗಳು ಚುರುಕಾಗುತ್ತವೆ ಎನ್ನುತ್ತಾರೆ. ಬೆಲೆ ವಿಪರೀತ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ, ಅವರಿಗಾದರೂ ಉಪಯೋಗವಾಗಬಹುದೇ?

ಬಸವನಗುಡಿ ವೈದ್ಯ
ತಾಯಿ, ದಯವಿಟ್ಟು ಆ ಹಣವನ್ನು ಉಳಿಸಿಕೊಳ್ಳಿ. ಲೆಕ್ಕ ಇಲ್ಲೇ ಇದೆ. ಪಿಎಚ್ 9ರ ಒಂದು ಲೀಟರ್ ಶುದ್ಧ ನೀರಿನಲ್ಲಿರುವ ಒಟ್ಟು ಕ್ಷಾರವನ್ನು ಪಿಎಚ್ 2ರ ಜಠರರಸದ ಒಂದೇ ಒಂದು ಮಿಲಿಲೀಟರ್ ಅಳಿಸಿಹಾಕುತ್ತದೆ. ನೀರಿನಲ್ಲಿ ಬೈಕಾರ್ಬನೇಟ್ ಇದ್ದರೆ ಇದಕ್ಕಿಂತ ಬಹಳಷ್ಟು ಹೆಚ್ಚು ಬೇಕಾಗಬಹುದು, ಆದರೆ ಅದು ಬೈಕಾರ್ಬನೇಟ್‌ನಿಂದ, ಪಿಎಚ್ 9 ಎಂಬ ಅಂಕಿಯಿಂದಲ್ಲ. ಪಿಎಚ್ ಅಂಕಿ ಎಷ್ಟು ದೊಡ್ಡದು ಎಂಬುದು ಮುಖ್ಯವಲ್ಲ, ಅದರ ಹಿಂದೆ ಬಫರ್ ಎಷ್ಟಿದೆ ಎಂಬುದು ಮುಖ್ಯ.

ರಕ್ತದ ಪಿಎಚ್ 7.35ರಿಂದ 7.45ರೊಳಗೆ ಇರುತ್ತದೆ. ಅದನ್ನು ಕಾಯುವುದು ಬೈಕಾರ್ಬನೇಟ್, ಹಿಮೋಗ್ಲೋಬಿನ್, ಶ್ವಾಸಕೋಶ ಮತ್ತು ಮೂತ್ರಪಿಂಡ. ಅತ್ತೆಯವರ ಸಕ್ಕರೆ ಹತೋಟಿ ತಪ್ಪಿ ಕೀಟೋ ಆಮ್ಲಗಳು ಹೆಚ್ಚಾದರೆ ಆಗ ಈ ಬೈಕಾರ್ಬನೇಟ್ ನಿಜವಾಗಿಯೂ ಖಾಲಿಯಾಗುತ್ತದೆ. ವಾಂತಿ, ಹೊಟ್ಟೆನೋವು, ಉದ್ದುದ್ದನೆಯ ಉಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಅದಕ್ಕೆ ಮನೆಯ ಯಂತ್ರ ಮದ್ದಲ್ಲ.

ರಾಜಾಜಿನಗರದ ತಾಯಿ
ಬಹಳ ಉಪಕಾರವಾಯಿತು ಡಾಕ್ಟ್ರೇ. ಯಂತ್ರ ಬೇಡ ಎಂದು ಹೇಳಿಬಿಡುತ್ತೇನೆ.

ವಿಜಯನಗರದ ಹುಡುಗ
ಡಾಕ್ಟರ್ ಸರ್, ಪಿಕೆಎಗಿಂತ ಒಂದು ಘಟಕ ಮೇಲೆ, ಒಂದು ಘಟಕ ಕೆಳಗೆ, ಅಷ್ಟರಲ್ಲಿ ಮಾತ್ರ ಬಫರ್ ನಡೆಯುತ್ತದೆ ಎಂದು ಕಲಿತಿದ್ದೇವೆ. ಬೈಕಾರ್ಬನೇಟ್ ಪಿಕೆಎ 6.1. ರಕ್ತ 7.4. ಅನುಪಾತ ಇಪ್ಪತ್ತಕ್ಕೆ ಒಂದು. ಹಾಗಾದರೆ ಅದು ಕೆಟ್ಟ ಬಫರ್ ಆಗಬೇಕಲ್ಲ?

ಬಸವನಗುಡಿ ವೈದ್ಯ
ಬೀಕರಿನಲ್ಲಿ ಕೆಟ್ಟದ್ದೇ. ದೇಹ ಮುಚ್ಚಿದ ಬೀಕರ್ ಅಲ್ಲ. ರಕ್ತದಲ್ಲಿ ಬೈಕಾರ್ಬನೇಟ್ 24 ಮಿಲಿಮೋಲಾರ್, ಕರಗಿದ ಇಂಗಾಲದ ಡೈಆಕ್ಸೈಡ್ 1.2. ಇದಕ್ಕೆ 10 ಮಿಲಿಮೋಲಾರ್ ಆಮ್ಲ ಬಿತ್ತು ಎಂದುಕೋ. ಬೈಕಾರ್ಬನೇಟ್ 14ಕ್ಕೆ ಇಳಿಯಿತು. ಹುಟ್ಟಿದ ಅನಿಲ ಅಲ್ಲೇ ಉಳಿದರೆ 11.2 ಆಗುತ್ತದೆ, ಪಿಎಚ್ 6.2. ಮನುಷ್ಯ ಬದುಕುವುದಿಲ್ಲ. ಆದರೆ ಶ್ವಾಸಕೋಶ ಆ ಹೆಚ್ಚುವರಿ ಅನಿಲವನ್ನು ಹೊರಗೆ ಹಾಕಿ 1.2ರಲ್ಲೇ ನಿಲ್ಲಿಸಿದರೆ ಪಿಎಚ್ 7.17. ಉಸಿರು ಇನ್ನೂ ಜೋರಾಗಿ 1.2ಕ್ಕಿಂತ ಕೆಳಗೆ ಇಳಿಸಿದರೆ 7.3ರ ಹತ್ತಿರಕ್ಕೂ ಬರುತ್ತದೆ. ನಾನು ಮೇಲೆ ಹೇಳಿದ ಉದ್ದುದ್ದನೆಯ ಉಸಿರು ಇದೇ.

ಮಲ್ಲೇಶ್ವರದ ನಿವೃತ್ತ ಅಧ್ಯಾಪಕ
ಈ ಲೆಕ್ಕದ ಮೂಲವೇ ರಕ್ತ. ಹೆಂಡರ್ಸನ್ 1908ರಲ್ಲಿ ಬಫರ್‌ನ ಸಮೀಕರಣ ಬರೆದಾಗ ಅವನ ಕಣ್ಣ ಮುಂದೆ ಇದ್ದದ್ದು ಇದೇ ಬೈಕಾರ್ಬನೇಟ್. ಹ್ಯಾಸೆಲ್‌ಬಾಲ್ಕ್ ಆಮೇಲೆ ಅದನ್ನು ಲಾಗರಿದಮ್ ರೂಪಕ್ಕೆ ತಂದ. ಪಿಎಚ್ ಎಂಬ ಅಳತೆ ಹುಟ್ಟಿದ್ದಂತೂ ಕಿಣ್ವಗಳಿಂದಲೇ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೊರೆನ್‌ಸೆನ್ ಕಿಣ್ವಗಳ ಮೇಲೆ ಕೆಲಸ ಮಾಡುತ್ತಾ 1909ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದ ವರ್ಷವೂ ಅದೇ. ಮಕ್ಕಳಿಗೆ ಇಸವಿ ನೆನಪಿಡಲು ಇದನ್ನು ಹೇಳುತ್ತಿದ್ದೆ, ಯಾರೂ ಮರೆಯುತ್ತಿರಲಿಲ್ಲ.

ಹೆಬ್ಬಾಳದ ಪಿಎಚ್‌ಡಿ ವಿದ್ಯಾರ್ಥಿ
ಹೆಪೆಸ್, ಪೈಪ್ಸ್, ಎಂಇಎಸ್ ಎಲ್ಲವೂ 1966ರಲ್ಲಿ ನಾರ್ಮನ್ ಗುಡ್ ಮತ್ತು ಸಂಗಡಿಗರು ಪ್ರಕಟಿಸಿದ ಪಟ್ಟಿಯವು. ಹಳೆಯ ಬಫರ್‌ಗಳು ಜೀವಕೋಶದ ಕೆಲಸಕ್ಕೆ ಕೈ ಹಾಕುತ್ತಿದ್ದವು, ಅದಕ್ಕೆ ಸುಮ್ಮನೆ ತಮ್ಮ ಪಾಡಿಗೆ ಇರುವ ಬಫರ್‌ಗಳನ್ನು ಹುಡುಕಿದರು.

ಬಹುಮಂದಿ ಗಮನಿಸದ ಇನ್ನೊಂದು: ಟ್ರಿಸ್ ಬಫರ್ ಬಿಸಿಗೆ ವಿಪರೀತ ಸೂಕ್ಷ್ಮ. ಉಷ್ಣತೆ ಏರಿದಂತೆ ಅದರ ಪಿಎಚ್ ಡಿಗ್ರಿಗೆ 0.028ರಷ್ಟು ಇಳಿಯುತ್ತದೆ. ಕೋಣೆಯ 25 ಡಿಗ್ರಿಯಲ್ಲಿ 7.5ಕ್ಕೆ ಹೊಂದಿಸಿದ ದ್ರಾವಣ 4 ಡಿಗ್ರಿಯ ಶೀತಲ ಕೋಣೆಯಲ್ಲಿ 8.1, 37ರಲ್ಲಿ 7.2. ಯಾವ ಉಷ್ಣತೆಯಲ್ಲಿ ಕಿಣ್ವ ಕೆಲಸ ಮಾಡುತ್ತದೆಯೋ ಅದೇ ಉಷ್ಣತೆಯಲ್ಲಿ ಪಿಎಚ್ ಹೊಂದಿಸಬೇಕು.

ಕೋರಮಂಗಲದ ಓದುಗ
ಫಾಸ್ಫೇಟ್ ಹಾಗಲ್ಲವಲ್ಲ?

ಹೆಬ್ಬಾಳದ ಪಿಎಚ್‌ಡಿ ವಿದ್ಯಾರ್ಥಿ
ಬಿಸಿಗೆ ಅಷ್ಟಾಗಿ ಅಲುಗದು. ಆದರೆ ಸೋಡಿಯಂ ಫಾಸ್ಫೇಟ್‌ನಲ್ಲಿ ಕಿಣ್ವ ಇಟ್ಟು ಹೆಪ್ಪುಗಟ್ಟಿಸಿದರೆ ಪ್ರತ್ಯಾಮ್ಲದ ಉಪ್ಪು ಮೊದಲು ಹರಳಾಗಿ ಹೊರಬೀಳುತ್ತದೆ. ಉಳಿದ ದ್ರವದಲ್ಲಿ ಆಮ್ಲ ಮಾತ್ರ. ಪಿಎಚ್ ಮೂರು ಘಟಕದಷ್ಟು ಕುಸಿಯಬಹುದು. ಫ್ರೀಜರಿನಲ್ಲಿ ಕಿಣ್ವ ಸಾಯಲು ಇದೂ ಒಂದು ಕಾರಣ.

ಪೀಣ್ಯದ ವಾಷಿಂಗ್ ಘಟಕ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಪೀಣ್ಯದಲ್ಲಿ ಜೀನ್ಸ್ ಬಯೋವಾಶ್ ಮಾಡುತ್ತೇವೆ, ಎಂದರೆ ಕಿಣ್ವ ಹಾಕಿ ಬಟ್ಟೆಯ ಮೇಲ್ಮೈ ಸವೆಸುವುದು. ಸೆಲ್ಯುಲೇಸ್ ಕಿಣ್ವ ನಮ್ಮ ನಿತ್ಯದ ಕೆಲಸ, ಡ್ರಮ್ಮಿನಲ್ಲಿ 50 ಡಿಗ್ರಿ ನೀರು. ಎರಡು ಬಗೆಯ ಎನ್‌ಜೈಮ್ ಬರುತ್ತದೆ. ಆಸಿಡ್ ಎನ್‌ಜೈಮ್‌ಗೆ ಪಿಎಚ್ 4.8, ನ್ಯೂಟ್ರಲ್ ಎನ್‌ಜೈಮ್‌ಗೆ 6.3. ಎರಡಕ್ಕೂ ಅಸಿಟಿಕ್ ಆಸಿಡ್ ಹಾಕಿಯೇ ಹದ ಮಾಡುತ್ತೇವೆ.

ಆಸಿಡ್ ಬ್ಯಾಚ್ ಕೊನೆಯವರೆಗೂ 4.8ರಲ್ಲೇ ನಿಲ್ಲುತ್ತದೆ. ನ್ಯೂಟ್ರಲ್ ಬ್ಯಾಚ್ ಮಾತ್ರ ಅರ್ಧ ಗಂಟೆಯಲ್ಲಿ ಏಳು ದಾಟುತ್ತದೆ, ಬಟ್ಟೆಗೆ ಉಜ್ಜು ಸರಿಯಾಗಿ ಬೀಳುವುದಿಲ್ಲ. ಟ್ಯಾಂಕರ್ ನೀರು ಬಂದ ದಿನ ಇನ್ನೂ ಜಾಸ್ತಿ. ಸೆಲ್ಯುಲೇಸ್ ಅಮೋನಿಯಾ ಹುಟ್ಟಿಸುವುದಿಲ್ಲವಲ್ಲ. ಮತ್ತೆ ಪಿಎಚ್ ಎಲ್ಲಿಂದ ಏರುತ್ತದೆ?

ಜಲಪರೀಕ್ಷಕ
ಟ್ಯಾಂಕರ್ ನೀರಿನ ಕ್ಷಾರತೆ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿದ್ದೀರಾ?

ಪೀಣ್ಯದ ವಾಷಿಂಗ್ ಘಟಕ
ಕಳೆದ ವರದಿಯಲ್ಲಿ ಲೀಟರಿಗೆ 300 ಮಿಲಿಗ್ರಾಂ ಇತ್ತು.

ಜಲಪರೀಕ್ಷಕ
ಬೋರ್‌ವೆಲ್ ನೀರಿಗೆ ಅದು ಅಸಾಮಾನ್ಯವಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200 ಅಪೇಕ್ಷಿತ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಈ ಅಂಕಿಗಳು ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದವು, 300 ಎಂದರೆ ಲೀಟರಿಗೆ 6 ಮಿಲಿಮೋಲ್ ಬೈಕಾರ್ಬನೇಟ್. ನಿಮ್ಮ ನೀರೇ ಒಂದು ಬಫರ್ ಅಣ್ಣ, ನೀವು ಕರೆಯದೆ ಬಂದದ್ದು.

ಈಗ ನಿಮ್ಮ ಎರಡು ಬ್ಯಾಚ್ ನೋಡಿ. ಆಸಿಡ್ ಬ್ಯಾಚ್‌ನಲ್ಲಿ 4.8ಕ್ಕೆ ಇಳಿಸಲು ಲೀಟರಿಗೆ ಸುಮಾರು 12 ಮಿಲಿಮೋಲ್ ಅಸಿಟಿಕ್ ಆಮ್ಲ ಹಾಕುತ್ತೀರಿ, ಸಾವಿರ ಲೀಟರಿಗೆ 700 ಗ್ರಾಂ ಚಿಲ್ಲರೆ. ಅದರಲ್ಲಿ ಅರ್ಧ ಬೈಕಾರ್ಬನೇಟ್ ಜೊತೆ ಸೇರಿ ಅಸಿಟೇಟ್ ಆಗುತ್ತದೆ, ಇನ್ನರ್ಧ ಆಮ್ಲವಾಗಿಯೇ ಉಳಿಯುತ್ತದೆ. ಅಸಿಟಿಕ್ ಆಮ್ಲದ ಪಿಕೆಎ 4.76. ನೀವು ಬಫರ್ ಕೊಂಡು ತರಲಿಲ್ಲ, ಡ್ರಮ್ಮಿನಲ್ಲೇ ಅತ್ಯುತ್ತಮ ಅಸಿಟೇಟ್ ಬಫರ್ ತಯಾರಾಯಿತು. ಅಲುಗುವುದಿಲ್ಲ.

ನ್ಯೂಟ್ರಲ್ ಬ್ಯಾಚ್‌ನಲ್ಲಿ 6.3ಕ್ಕೆ ನಿಲ್ಲಿಸಿದಿರಿ. ಅಲ್ಲಿ ಅಸಿಟೇಟ್‌ಗೆ ಕೆಲಸವಿಲ್ಲ, ಪಿಕೆಎಯಿಂದ ಒಂದೂವರೆ ಘಟಕ ದೂರ. ಆ ಪಿಎಚ್ ಹಿಡಿದಿರುವುದು ಅರ್ಧ ಬೈಕಾರ್ಬನೇಟ್, ಅರ್ಧ ಕರಗಿದ ಇಂಗಾಲದ ಡೈಆಕ್ಸೈಡ್. ಬಿಸಿ ನೀರು, ತಿರುಗುವ ಡ್ರಮ್ಮು. ಅನಿಲ ಹಾರಿಹೋಗುತ್ತದೆ. ಆಮ್ಲದ ಭಾಗವೇ ಹೋದ ಮೇಲೆ ಬೈಕಾರ್ಬನೇಟ್ ಒಂಟಿ, ಪಿಎಚ್ ಏರುತ್ತದೆ.

ಬಸವನಗುಡಿ ವೈದ್ಯ
ನಾನು ರಕ್ತಕ್ಕೆ ಹೇಳಿದ್ದೇ ಇಲ್ಲೂ ನಡೆಯುತ್ತಿದೆ. ಒಬ್ಬ ಮನುಷ್ಯ ಅತಿಯಾಗಿ ಉಸಿರಾಡಿದರೆ ರಕ್ತದ ಪಿಎಚ್ ಏರುವುದೂ ಹೀಗೆಯೇ.

ಪೀಣ್ಯದ ವಾಷಿಂಗ್ ಘಟಕ
ಈ ಮಾತನ್ನು ಎನ್‌ಜೈಮ್ ಮಾರುವವರು ಒಬ್ಬರೂ ಹೇಳಿರಲಿಲ್ಲ. ಇನ್ನೂ ಹೆಚ್ಚು ಎನ್‌ಜೈಮ್ ಹಾಕಿ ಎನ್ನುತ್ತಿದ್ದರು. ಪರಿಹಾರ ಏನು? ಫಾಸ್ಫೇಟ್ ಹಾಕಲೇ?

ಜಲಪರೀಕ್ಷಕ
ಫಾಸ್ಫೇಟ್ ಬೇಡ ಎಂದು ಕೈಮುಗಿದು ಕೇಳುತ್ತೇನೆ. ಡ್ರಮ್ಮಿನಿಂದ ಹೊರಬಿದ್ದ ರಂಜಕ ಕೊನೆಗೆ ಯಾವುದೋ ಕೆರೆ ಸೇರಿ ಕಳೆ ಬೆಳೆಸುತ್ತದೆ. ಬೆಳ್ಳಂದೂರು, ವರ್ತೂರಿನ ಅವಸ್ಥೆ ನೋಡಿದ ಮೇಲೂ ನಾವು ಅದನ್ನು ಚರಂಡಿಗೆ ಬಿಡಬಾರದು. ಸಿಟ್ರಿಕ್ ಆಮ್ಲ ಬಳಸಿ. ಅದರ ಮೂರನೆಯ ಪಿಕೆಎ 6.4, ನಿಮ್ಮ 6.3ಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಿಮ್ಮ ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾ ಸಿಟ್ರೇಟನ್ನು ತಿಂದು ಮುಗಿಸುತ್ತವೆ.

ಹೆಬ್ಬಾಳದ ಪಿಎಚ್‌ಡಿ ವಿದ್ಯಾರ್ಥಿ
ಸಿಟ್ರೇಟ್ ಕ್ಯಾಲ್ಸಿಯಂ ಕಸಿಯುತ್ತದೆ ಎಂದು ಮೇಲೆ ಬರೆದಿದ್ದೆ. ಎನ್‌ಜೈಮ್ ಡಬ್ಬಿಯ ಮಾಹಿತಿ ಹಾಳೆಯಲ್ಲಿ ಕ್ಯಾಲ್ಸಿಯಂ ಬೇಕು ಎಂದಿದೆಯೇ ನೋಡಿಕೊಳ್ಳಿ.

ಪೀಣ್ಯದ ವಾಷಿಂಗ್ ಘಟಕ
ನೋಡಿದೆ, ಹಾಗೇನೂ ಬರೆದಿಲ್ಲ. ಸಿಟ್ರಿಕ್ ಹಾಕಿ ನೇರವಾಗಿ 6.3ಕ್ಕೆ ತಂದರೆ ಸಾಕೇ?

ಜಲಪರೀಕ್ಷಕ
ಸಾಲದು, ಅನಿಲ ಒಳಗೇ ಉಳಿಯುತ್ತದೆ. ಮೊದಲು ಸಿಟ್ರಿಕ್ ಹಾಕಿ 4.5ರವರೆಗೆ ಇಳಿಸಿ. ಎನ್‌ಜೈಮ್ ಹಾಕದೆ ಬಿಸಿ ನೀರಿನಲ್ಲಿ ಡ್ರಮ್ ತಿರುಗಿಸಿ, ಅನಿಲ ಹೋಗಲಿ. ಆಮೇಲೆ ತೆಳುವಾದ ಕಾಸ್ಟಿಕ್ ಸೋಡಾ ಹನಿಸಿ 6.3ಕ್ಕೆ ಏರಿಸಿ. ವಾಷಿಂಗ್ ಸೋಡಾ ಮಾತ್ರ ಹಾಕಬೇಡಿ, ಅದು ಕಾರ್ಬನೇಟ್, ಕಳಿಸಿದ್ದನ್ನೇ ಮತ್ತೆ ಕರೆದಂತಾಗುತ್ತದೆ. ಹತ್ತು ನಿಮಿಷ ಬಿಟ್ಟು ಪಿಎಚ್ ನೋಡಿ, ನಿಂತಿದ್ದರೆ ಎನ್‌ಜೈಮ್ ಸುರಿಯಿರಿ. ಮೊದಲು ಬಕೆಟ್ ನೀರಿನಲ್ಲಿ ಮಾಡಿ, ಎಷ್ಟು ಸಿಟ್ರಿಕ್ ಬೇಕಾಯಿತು ಎಂದು ತೂಕ ಬರೆದುಕೊಳ್ಳಿ. ಟ್ಯಾಂಕರ್ ಬದಲಾದಾಗಲೆಲ್ಲ ಈ ತೂಕ ಬದಲಾಗುತ್ತದೆ.

ಜಯನಗರದ ಉಪನ್ಯಾಸಕಿ
ಪೀಣ್ಯದ ಅಣ್ಣನವರೇ, ಒಂದು ಬಾಟಲಿ ಟ್ಯಾಂಕರ್ ನೀರು ನಮ್ಮ ಕಾಲೇಜಿಗೂ ಸಿಗಬಹುದೇ? ಎರಡು ಲೋಟದ ಪಕ್ಕದಲ್ಲಿ ಮೂರನೆಯದಾಗಿ ಅದನ್ನೂ ಇಟ್ಟು, ಆಮ್ಲ ಹಾಕಿ, ಮಕ್ಕಳಿಂದಲೇ ಕ್ಷಾರತೆ ಅಳೆಯಿಸುತ್ತೇನೆ.

ಪೀಣ್ಯದ ವಾಷಿಂಗ್ ಘಟಕ
ಒಂದಲ್ಲ, ಒಂದು ಕ್ಯಾನ್ ಕಳುಹಿಸುತ್ತೇನೆ ಮೇಡಂ. ಅಳತೆ ಬಂದರೆ ನನಗೂ ತಿಳಿಸಿ, ಲ್ಯಾಬಿನ ವರದಿಯ ಜೊತೆ ಹೋಲಿಸಿ ನೋಡುತ್ತೇನೆ.